‘ಬಿಟ್ಟುಬಿಡಿ’ ಅಂತ ಹೇಳಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ ಬಾಹ್ಯಾಕಾಶ ಹಡಗಿನ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಈ ಧಾರಾವಾಹಿಗೆ ಅರ್ಧ ಪುಟ ಸಿಕ್ಕಿದ್ದು ನೋಡಿ ತುಂಬಾ ಖುಷಿಯಾಯ್ತು. ಕಾಫಿ ಆರಿಹೋಗುವ ತನಕ ಓದಿದೆ. ಆದರೆ ಬರಹದ ಕೆಳಗೆ ಒಂದು ಬಾಕ್ಸ್ ಇತ್ತು. ‘ಹೊಸಬರು ಈ ಕಂತುಗಳನ್ನು ಬಿಟ್ಟುಬಿಡಿ’ ಅಂತ ಅದರ ತಲೆಬರಹ. ಅದರಲ್ಲಿ ಆರು ಹೆಸರು: ‘ಸ್ಪಾಕ್ಸ್ ಬ್ರೈನ್’, ‘ಲೆಟ್ ದಟ್ ಬಿ ಯುವರ್ ಲಾಸ್ಟ್ ಬ್ಯಾಟಲ್‌ಫೀಲ್ಡ್’, ‘ಕೋಡ್ ಆಫ್ ಆನರ್’, ‘ಶೇಡ್ಸ್ ಆಫ್ ಗ್ರೇ’, ‘ಸಬ್ ರೋಸಾ’, ‘ಥ್ರೆಶೋಲ್ಡ್’. ಆ ಬಾಕ್ಸ್ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ಅವತ್ತು ನಮ್ಮ ಮನೆಗೆ ಅಕ್ಕ ಬಂದಿದ್ದಳು, ಜೊತೆಗೆ ಅವಳ ಮಗನೂ. ಮೂವರೂ ಸ್ಟಾರ್ ಟ್ರೆಕ್ ನೋಡುವವರು. ಪೇಪರ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಹಾಗೆ ಜಗಳ ಶುರುವಾಯಿತು. ಹುಡುಗ ಹೇಳಿದ, “ಪಟ್ಟಿ ಸರಿಯಾಗೇ ಇದೆ ಮಾಮ. ಅರವತ್ತರ ದಶಕದ ಹಳೇದು 79 ಕಂತು, ಆಮೇಲೆ ಅದೇ ಹೆಸರಲ್ಲಿ ಬಂದ ಧಾರಾವಾಹಿಗಳಲ್ಲಿ ನೆಕ್ಸ್ಟ್ ಜನರೇಷನ್ 178, ವಾಯೇಜರ್ 172. ಈ ಮೂರನ್ನೇ ಕೂಡಿಸಿದರೂ 429. ಒಂದೊಂದು ಮುಕ್ಕಾಲು ಗಂಟೆ. ಕೆಲಸಕ್ಕೆ ಹೋಗುವವರಿಗೆ ಇಷ್ಟೆಲ್ಲ ಎಲ್ಲಿ ಪುರುಸೊತ್ತು?” ಅಕ್ಕನಿಗೆ ‘ಸಬ್ ರೋಸಾ’ ಹೆಸರು ಅಲ್ಲಿದ್ದದ್ದೇ ಸಿಟ್ಟು. ನನಗೆ ‘ಸ್ಪಾಕ್ಸ್ ಬ್ರೈನ್’ ಮೊದಲನೇ ಸಾಲಲ್ಲೇ ಇದ್ದದ್ದು ಸಿಟ್ಟು. ಅನ್ನ ಬಡಿಸಿಕೊಂಡ ಮೇಲೂ ಮಾತು ನಿಲ್ಲಲಿಲ್ಲ. ಒಂದೇ ಧಾರಾವಾಹಿಯನ್ನು ಇಷ್ಟಪಡುವ ಮೂರು ಜನ, ಅದರ ಕೆಟ್ಟ ಕಂತು ಯಾವುದು ಅನ್ನುವುದರಲ್ಲಿ ಮಾತ್ರ ಒಂದೇ ಒಂದು ಹೆಸರಿಗೂ ಒಪ್ಪಲಿಲ್ಲ. ಅಮೆರಿಕದ ಅಭಿಮಾನಿಗಳು ಇದೇ ಜಗಳವನ್ನು ಐವತ್ತು ವರ್ಷಕ್ಕೂ ಜಾಸ್ತಿ ಆಡಿಕೊಂಡು ಬಂದಿದ್ದಾರೆ. ಇವತ್ತಿಗೂ ಮುಗಿದಿಲ್ಲ.

ನಾನು ಈ ಧಾರಾವಾಹಿಯನ್ನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ, ಪಕ್ಕದ ಮನೆಯವರ ಕಪ್ಪು ಬಿಳುಪು ಟಿವಿಯ ಮುಂದೆ ನೆಲದ ಮೇಲೆ ಕೂತು. ಇಂಗ್ಲಿಷ್ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಆದರೂ ಹಡಗಿನ ಅಧಿಕಾರಿ, ಚೂಪು ಕಿವಿಯ ಸ್ಪಾಕ್ ಹುಬ್ಬು ಮೇಲೇರಿಸಿದರೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತಿತ್ತು. ಆಗ ನೋಡಿದ್ದು ಕೆಲವೇ ಕಂತು. ಉಳಿದದ್ದನ್ನೆಲ್ಲ ದೊಡ್ಡವನಾದ ಮೇಲೆ, ಸಿ.ಡಿ. ಬಾಡಿಗೆಗೆ ತಂದು, ಆಮೇಲೆ ಡಿ.ವಿ.ಡಿ. ಕೊಂಡು, ಒಂದೂ ಬಿಡದೆ ನೋಡಿದ್ದೇನೆ. ಆ ಆರೂ ಕಂತುಗಳನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ ಮೇಲೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಕರಾರು ಇಷ್ಟೇ. ಓಡಿ ಎಡವಿ ಬಿದ್ದವನು ಬೇರೆ. ಓಡದೆ ಕೂತಲ್ಲೇ ಕೂತವನು ಬೇರೆ. ಓಡುವಾಗ ಪಕ್ಕದವನನ್ನು ತುಳಿದವನು ಬೇರೆ. ನಿಮ್ಮ ಬಾಕ್ಸ್ ಈ ಮೂವರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ಒಂದೇ ಅಂಕ ಕೊಟ್ಟಿದೆ.

ಮೊದಲು ‘ಸ್ಪಾಕ್ಸ್ ಬ್ರೈನ್’. ಇದನ್ನು ಬೈಯುವವರಿಗೆ ಅದರ ಹಿಂದಿನ ಕಥೆ ಗೊತ್ತಿರಬೇಕು. ಸ್ಟಾರ್ ಟ್ರೆಕ್ 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಯಿತು. ಎರಡನೇ ಸೀಸನ್ ನಡೆಯುತ್ತಿರುವಾಗಲೇ ಇದನ್ನು ನಿಲ್ಲಿಸುತ್ತಾರೆ ಅನ್ನುವ ಸುದ್ದಿ ಹಬ್ಬಿತು. ಬಿಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಟ್ರಿಂಬಲ್ ಮುಂದೆ ನಿಂತು ಅಭಿಮಾನಿಗಳಿಂದ ಪತ್ರ ಬರೆಸಿದರು. ರಾಶಿ ರಾಶಿ ಪತ್ರ ಹೋಯಿತು. 1968ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರ್ಬ್ಯಾಂಕ್‌ನ ಎನ್‌ಬಿಸಿ ಕಚೇರಿಗೆ ಮೆರವಣಿಗೆ ಹೋದರು. ಕೊನೆಗೆ ಮಾರ್ಚ್ 1ರಂದು ಕಂತು ಮುಗಿದ ಕೂಡಲೇ ಚಾನೆಲ್‌ನವರೇ ಹೇಳಿದರು, ಧಾರಾವಾಹಿ ಮುಂದುವರಿಯುತ್ತದೆ, ದಯವಿಟ್ಟು ಇನ್ನು ಪತ್ರ ಬರೆಯಬೇಡಿ ಅಂತ. ಒಂದು ಧಾರಾವಾಹಿಗಾಗಿ ಜನ ಪೆನ್ನು ಹಿಡಿದು ಕೂತು ಗೆದ್ದರು. ಪತ್ರ ಬರೆಯುವ ಅಭ್ಯಾಸ ಇರುವ ನನ್ನಂಥವನಿಗೆ ಇದನ್ನು ನೆನೆದರೆ ಈಗಲೂ ರೋಮಾಂಚನ.

ಹಾಗೆ ಗೆದ್ದು ತಂದ ಮೂರನೇ ಸೀಸನ್‌ನ ಮೊದಲ ಕಂತೇ ‘ಸ್ಪಾಕ್ಸ್ ಬ್ರೈನ್’. 1968ರ ಸೆಪ್ಟೆಂಬರ್ 20, ಶುಕ್ರವಾರ, ರಾತ್ರಿ ಹತ್ತು ಗಂಟೆ. ಈ ಸಮಯವನ್ನೂ ಸ್ವಲ್ಪ ಯೋಚಿಸಿ. ಇದನ್ನು ನೋಡುತ್ತಿದ್ದವರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಜಾಸ್ತಿ, ಶುಕ್ರವಾರ ರಾತ್ರಿ ಅವರೆಲ್ಲ ಮನೆಯಲ್ಲಿ ಎಲ್ಲಿರುತ್ತಾರೆ? ಮೊದಲು ಸೋಮವಾರ ಸಂಜೆಯ ಹೊತ್ತು ಕೊಡುತ್ತೇವೆ ಅಂದಿದ್ದ ಚಾನೆಲ್ ಮಾತು ಬದಲಿಸಿತು. ಧಾರಾವಾಹಿಯನ್ನು ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ದಿನದಿನದ ಕೆಲಸದಿಂದ ಹಿಂದೆ ಸರಿದರು. ದುಡ್ಡೂ ಕಡಿಮೆ ಮಾಡಿದರು. ಕಾದು ಕೂತಿದ್ದ ಅಭಿಮಾನಿಗಳಿಗೆ ಮೊದಲ ರಾತ್ರಿ ಕಂಡದ್ದು ಏನು? ಒಬ್ಬಳು ಹೆಂಗಸು ಹಡಗಿನೊಳಗೆ ಪ್ರತ್ಯಕ್ಷಳಾಗಿ, ಎಲ್ಲರ ಎಚ್ಚರ ತಪ್ಪಿಸಿ, ಸ್ಪಾಕ್‌ನ ಮಿದುಳನ್ನೇ ಕದ್ದುಕೊಂಡು ಹೋಗುತ್ತಾಳೆ! ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ಸ್ಪಾಕ್ ಪಾತ್ರ ಮಾಡಿದ ಲೆನರ್ಡ್ ನಿಮಾಯ್ ಅವರೇ ಆಮೇಲೆ ತಮ್ಮ ಆತ್ಮಕಥೆಯಲ್ಲಿ ಈ ಕಂತಿನ ಚಿತ್ರೀಕರಣ ನಡೆದಷ್ಟೂ ದಿನ ಮುಜುಗರ ಆಗಿತ್ತು ಅಂತ ಬರೆದುಕೊಂಡಿದ್ದಾರೆ.

ಕಂತಿನಲ್ಲಿ ತಪ್ಪುಗಳಿವೆ, ಇಲ್ಲ ಅನ್ನುವುದಿಲ್ಲ. ಮಿದುಳಿಲ್ಲದ ಸ್ಪಾಕ್‌ನ ದೇಹವನ್ನು ಹಡಗಿನ ಡಾಕ್ಟರ್ ಮೆಕಾಯ್ ಒಂದು ರಿಮೋಟ್ ಒತ್ತಿ ನಡೆಸುತ್ತಾರೆ, ಕ್ಲಿಕ್ ಕ್ಲಿಕ್ ಅನ್ನುವ ಸದ್ದಿನ ಜೊತೆ ಅವನು ಬೊಂಬೆಯ ಹಾಗೆ ಹೆಜ್ಜೆ ಹಾಕುತ್ತಾನೆ. ತಲೆ ಬಿಚ್ಚಿ ಆಪರೇಷನ್ ಮಾಡಿದರೂ ಒಂದು ಕೂದಲೂ ಆಚೀಚೆ ಆಗಿರುವುದಿಲ್ಲ. ನೆಲದಡಿಯಲ್ಲಿ ಬದುಕುವ ಆ ಹೆಂಗಸರನ್ನು ಏನೂ ತಿಳಿಯದ ಮಕ್ಕಳ ಹಾಗೆ ತೋರಿಸಿದ್ದಾರೆ, ಮಿದುಳು ಅಂದರೆ ಏನು ಅಂತ ಅದನ್ನು ಕದ್ದವಳೇ ಕೇಳುವ ಮಾತು ಇವತ್ತಿಗೂ ಅಭಿಮಾನಿಗಳ ಬಾಯಲ್ಲಿ ಗಾದೆಯಾಗಿದೆ. ಇದೆಲ್ಲ ನಿಜ.

ಆದರೆ ಆ ಆಪರೇಷನ್ ದೃಶ್ಯವನ್ನು ಯಾರಾದರೂ ಸರಿಯಾಗಿ ನೋಡಿದ್ದಾರಾ? ಮಿದುಳನ್ನು ವಾಪಸ್ ಜೋಡಿಸುವ ವಿದ್ಯೆ ಮೆಕಾಯ್‌ಗೆ ಗೊತ್ತಿಲ್ಲ. ಆ ಲೋಕದ ಹಿಂದಿನವರು ಬಿಟ್ಟುಹೋದ ಯಂತ್ರವೊಂದಿದೆ, ತಲೆಯ ಮೇಲೆ ಇಳಿಸಿಕೊಂಡರೆ ವಿದ್ಯೆ ಒಳಗಿಳಿಯುತ್ತದೆ, ಆದರೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಮೆಕಾಯ್ ನೋವು ತಡೆದುಕೊಂಡು ಅದನ್ನು ಹಾಕಿಕೊಳ್ಳುತ್ತಾರೆ. ಎದ್ದಾಗ ಮುಖ ಬೆಳಗುತ್ತದೆ, ಇದು ಮಗು ಮಾಡುವ ಕೆಲಸ ಅನ್ನುತ್ತಾರೆ. ಕೈ ಓಡುತ್ತದೆ. ಅರ್ಧ ದಾರಿಯಲ್ಲಿ ಕೈ ನಿಧಾನವಾಗುತ್ತದೆ. ಮುಂದಿನ ನರ ಯಾವುದು ಅಂತ ಮರೆತುಹೋಗುತ್ತಿದೆ. ಒಂದು ಕ್ಷಣದ ಹಿಂದೆ ಗೊತ್ತಿದ್ದದ್ದು ಈಗ ಗೊತ್ತಿಲ್ಲ, ಕೈ ಕೆಳಗೆ ಗೆಳೆಯನ ತಲೆ ತೆರೆದುಕೊಂಡಿದೆ. ಮೆಕಾಯ್ ಪಾತ್ರ ಮಾಡಿದ ಡಿಫಾರೆಸ್ಟ್ ಕೆಲಿ ಅವರ ಮುಖದಲ್ಲಿ ಆ ಹೊತ್ತಿನ ದಿಗಿಲು ನೋಡಿ. ಕೊನೆಗೆ ಅವರು ಮೊದಲು ಮಾತಿನ ನರಗಳನ್ನು ಜೋಡಿಸುತ್ತಾರೆ, ಮಲಗಿರುವ ಸ್ಪಾಕೇ ಮುಂದಿನದನ್ನು ಹೇಳಿಕೊಡುತ್ತಾನೆ.

ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಒಂದು ಮಧ್ಯಾಹ್ನ ಬಿಚ್ಚಿದ ಗಡಿಯಾರವನ್ನು ಮುಂದಿಟ್ಟುಕೊಂಡು, ಇಕ್ಕಳದಲ್ಲಿ ಸಣ್ಣ ಚಕ್ರವೊಂದನ್ನು ಹಿಡಿದು, ಅದು ಎಲ್ಲಿ ಕೂರಬೇಕು ಅಂತ ಹೊಳೆಯದೆ ನನ್ನ ಮುಖ ನೋಡಿದರು. ನಲವತ್ತು ವರ್ಷ ಅದೇ ಕೆಲಸ ಮಾಡಿದ ಕೈ. ಅವರು ತೀರಿಕೊಂಡು ವರ್ಷವಾದ ಮೇಲೆ ‘ಸ್ಪಾಕ್ಸ್ ಬ್ರೈನ್’ ಮತ್ತೆ ನೋಡಿದೆ. ಮೆಕಾಯ್ ತಡವರಿಸಿದ ಆ ಜಾಗದಲ್ಲಿ ನಿಲ್ಲಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇದನ್ನು ‘ಬಿಟ್ಟುಬಿಡಿ’ ಅಂತ ನನಗೆ ಯಾರಾದರೂ ಮೊದಲೇ ಹೇಳಿ, ನಾನೂ ಕೇಳಿಬಿಟ್ಟಿದ್ದರೆ?

ಇನ್ನೊಂದು ಮಾತು. ನಿಮ್ಮ ಬರಹದಲ್ಲಿ ಮೂರನೇ ಸೀಸನ್‌ಗೆ ಒಳ್ಳೆ ಬರಹಗಾರರೇ ಸಿಗಲಿಲ್ಲ ಅನ್ನುವ ಅರ್ಥದ ಸಾಲು ಇದೆ. ‘ಸ್ಪಾಕ್ಸ್ ಬ್ರೈನ್’ನಲ್ಲಿ ಬರಹಗಾರರ ಹೆಸರು ಲೀ ಕ್ರೋನಿನ್ ಅಂತ ಬರುತ್ತದೆ. ಅದು ಜೀನ್ ಕೂನ್ ಅವರ ಗುಪ್ತನಾಮ. ಇದೇ ಜೀನ್ ಕೂನ್ ಯುದ್ಧಕ್ಕೇ ಹುಟ್ಟಿದಂಥ ಅನ್ಯಲೋಕದವರಾದ ಕ್ಲಿಂಗನ್‌ಗಳನ್ನು ಸ್ಟಾರ್ ಟ್ರೆಕ್‌ಗೆ ತಂದವರು. ಗಣಿಯಲ್ಲಿ ಜನರನ್ನು ಕೊಲ್ಲುವ ಪ್ರಾಣಿ ತನ್ನ ಮೊಟ್ಟೆ ಕಾಯುತ್ತಿರುವ ತಾಯಿ ಅಂತ ಕೊನೆಗೆ ಗೊತ್ತಾಗುವ ‘ದ ಡೆವಿಲ್ ಇನ್ ದ ಡಾರ್ಕ್’ ಬರೆದವರು. ಅದು 1967ರ ಮಾರ್ಚ್‌ನಲ್ಲಿ ಬಂತು, ಎಲ್ಲರ ‘ಅತಿ ಒಳ್ಳೆಯ’ ಪಟ್ಟಿಯಲ್ಲೂ ಇರುತ್ತದೆ. ಎರಡನೇ ಸೀಸನ್‌ನ ನಡುವೆ ಧಾರಾವಾಹಿ ಬಿಟ್ಟು ಬೇರೆ ಸ್ಟುಡಿಯೋ ಸೇರಿದ್ದರಿಂದ ಅವರು ಬೇರೆ ಹೆಸರಲ್ಲಿ ಬರೆಯಬೇಕಾಯಿತು. ಒಂದೂವರೆ ವರ್ಷದ ಅಂತರದಲ್ಲಿ ಒಂದೇ ಕೈ ಈ ಎರಡನ್ನೂ ಬರೆದಿದೆ. ಆ ಕೈಗೆ ಬರೆಯಲು ಬರುತ್ತಿರಲಿಲ್ಲ ಅಂದರೆ ಹೇಗೆ ಒಪ್ಪುವುದು?

ಮೂರನೇ ಸೀಸನ್‌ನ ಬೈಗುಳವೆಲ್ಲ ಬಿದ್ದದ್ದು ನಿರ್ಮಾಪಕ ಫ್ರೆಡ್ ಫ್ರೈಬರ್ಗರ್ ಅವರ ತಲೆ ಮೇಲೆ. ಅವರು ಎರಡನೇ ಮಹಾಯುದ್ಧದಲ್ಲಿ ವಿಮಾನ ಬಿದ್ದು ಜರ್ಮನಿಯಲ್ಲಿ ಯುದ್ಧಕೈದಿಯಾಗಿದ್ದವರು. ಆ ಸೆರೆ ಎರಡು ವರ್ಷಕ್ಕೆ ಮುಗಿಯಿತು, ಸ್ಟಾರ್ ಟ್ರೆಕ್‌ನ ಸೆರೆ ಮಾತ್ರ ದಶಕಗಟ್ಟಲೆ ಮುಗಿಯಲಿಲ್ಲ ಅನ್ನುವ ಅರ್ಥದ ಮಾತು ಅವರು ಆಡಿದ್ದಾರೆ. ಓದಿದಾಗ ತುಂಬಾ ಬೇಜಾರಾಯಿತು. ದುಡ್ಡು ಕಿತ್ತುಕೊಂಡವರು, ರಾತ್ರಿ ಹತ್ತಕ್ಕೆ ತಳ್ಳಿದವರು ಯಾರಿಗೂ ನೆನಪಿಲ್ಲ. ‘ಸ್ಪಾಕ್ಸ್ ಬ್ರೈನ್’ ಬಂದ ಮುಂದಿನ ವಾರವೇ ‘ದಿ ಎಂಟರ್‌ಪ್ರೈಸ್ ಇನ್ಸಿಡೆಂಟ್’ ಬಂತು, ನವೆಂಬರ್‌ನಲ್ಲಿ ‘ದ ಥೋಲಿಯನ್ ವೆಬ್’ ಬಂತು. ಇವೂ ಅದೇ ಸೀಸನ್‌ನವು, ಅದೇ ನಿರ್ಮಾಪಕರವು. ಇವನ್ನು ಬೈದವರನ್ನು ನಾನು ಕಂಡಿಲ್ಲ.

ಈಗ ಪಟ್ಟಿಯ ಎರಡನೇ ಹೆಸರು, ‘ಲಾಸ್ಟ್ ಬ್ಯಾಟಲ್‌ಫೀಲ್ಡ್’. 1969ರ ಜನವರಿ 10ರಂದು ಬಂತು. ಇದರ ಕಥೆಯೂ ಅದೇ ಜೀನ್ ಕೂನ್ ಅವರದ್ದು, ಚಿತ್ರಕಥೆ ಬೇರೆಯವರದ್ದು. ಇಬ್ಬರು ಹಡಗಿಗೆ ಬರುತ್ತಾರೆ. ಇಬ್ಬರ ಮುಖವೂ ಅರ್ಧ ಕಪ್ಪು, ಅರ್ಧ ಬಿಳುಪು, ಹಣೆಯಿಂದ ಗಲ್ಲದ ತನಕ ನೇರ ಗೆರೆ. ಒಬ್ಬ ಇನ್ನೊಬ್ಬನನ್ನು ಕಂಡರೆ ಕೆಂಡ. ಯಾಕೆ ಅಂತ ಹಡಗಿನ ಕ್ಯಾಪ್ಟನ್ ಕರ್ಕ್‌ಗೂ ತಿಳಿಯುವುದಿಲ್ಲ, ನೋಡುವ ನಮಗೂ ತಿಳಿಯುವುದಿಲ್ಲ. ಕೊನೆಗೆ ಬೀಲ್ ಅನ್ನುವವನೇ ಬಿಡಿಸಿ ಹೇಳುತ್ತಾನೆ: ನನ್ನ ಬಲಗಡೆ ಕಪ್ಪು, ಅವನ ಬಲಗಡೆ ಬಿಳುಪು, ಕಣ್ಣಿಗೆ ಕಾಣುವುದಿಲ್ಲವಾ?

ಅಕ್ಕನ ಮಗ ಇದನ್ನು ಒಪ್ಪುವುದಿಲ್ಲ. “ಮಾಮ, ಇದು ತೀರಾ ಪಾಠ ಮಾಡಿದ ಹಾಗಿದೆ. ಸ್ಕೂಲ್ ನಾಟಕದ ಥರ. ಕೊನೆಗೆ ಹತ್ತು ನಿಮಿಷ ಇಬ್ಬರೂ ಕಾರಿಡಾರ್‌ನಲ್ಲಿ ಸುಮ್ನೆ ಓಡ್ತಾನೇ ಇರ್ತಾರೆ,” ಅಂದ. ಓಡುವುದು ಜಾಸ್ತಿಯಾಯಿತು, ನಿಜ. ಹಿಂದೆ ಉರಿಯುವ ಊರಿನ ಹಳೇ ಚಿತ್ರಗಳನ್ನು ಅಂಟಿಸಿದ್ದಾರೆ, ಅದೂ ಕಾಣುತ್ತದೆ. ಆದರೆ ಅದು ಬಂದ ಕಾಲ ನೋಡಿ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂಬತ್ತು ತಿಂಗಳಾಗಿತ್ತು ಅಷ್ಟೇ. ಅಮೆರಿಕದ ಊರೂರೇ ಹೊತ್ತಿ ಉರಿದ ವರ್ಷ ಅದು. ಆ ಹೊತ್ತಿನಲ್ಲಿ ಮೆಲ್ಲಗೆ, ಸೂಕ್ಷ್ಮವಾಗಿ ಹೇಳಿ ಅಂದರೆ ಹೇಗೆ? ಕೂಗಿಯೇ ಹೇಳಬೇಕಿತ್ತು, ಕೂಗಿದರು.

ಹಾಸನದ ಕಡೆ ನಮ್ಮಜ್ಜಿಯ ಊರು. ಹಿತ್ತಲ ಗೋಡೆಯ ಮೇಲೆ ಒಂದು ಅಲ್ಯೂಮಿನಿಯಂ ಲೋಟ ಯಾವಾಗಲೂ ಕವುಚಿ ಇಟ್ಟಿರುತ್ತಿತ್ತು. ಹೊಲದ ಕೆಲಸಕ್ಕೆ ಬರುತ್ತಿದ್ದವರು ಅದನ್ನು ತಾವೇ ತೆಗೆದುಕೊಂಡು, ಕಾಫಿ ಮೇಲಿಂದ ಹೊಯ್ಯಿಸಿಕೊಂಡು, ಕುಡಿದು, ತಾವೇ ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದರು. ನಾನು ಒಂದು ಸಲ ಆ ಲೋಟ ಒಳಗೆ ತಂದಿದ್ದಕ್ಕೆ ಅಜ್ಜಿ ಕೈಯಿಂದ ಕಿತ್ತುಕೊಂಡು ಹೊರಗೆಸೆದಿದ್ದರು. ಯಾಕೆ ಅಂತ ಕೇಳಿದರೆ, ಅಷ್ಟೂ ಗೊತ್ತಾಗಲ್ವೇನೋ ನಿನಗೆ, ಅಂದಿದ್ದರು. ಬೀಲ್ ಆ ಮಾತು ಹೇಳಿದಾಗ ನನಗೆ ಕೇಳಿಸಿದ್ದು ಅಜ್ಜಿಯ ದನಿ. ಅಜ್ಜಿ ಕೆಟ್ಟವರಲ್ಲ, ನನ್ನನ್ನು ಎತ್ತಿ ಆಡಿಸಿದವರು. ಅದೇ ನನಗೆ ಹೆಚ್ಚು ಚುಚ್ಚಿದ್ದು. ನಿಮ್ಮ ಓದುಗರಲ್ಲಿ ಇಂಥ ಲೋಟ ನೋಡಿದವರು ಎಷ್ಟು ಜನ ಇರಬಹುದು ಅಂತ ನಿಮಗೂ ಗೊತ್ತು. ಅವರಿಗೆ ಈ ಕಂತು ಬಿಟ್ಟುಬಿಡಿ ಅಂತ ಯಾಕೆ ಹೇಳುತ್ತೀರಿ?

‘ಥ್ರೆಶೋಲ್ಡ್’ಗೆ ಬರುತ್ತೇನೆ. ವಾಯೇಜರ್‌ನ ಎರಡನೇ ಸೀಸನ್, 1996ರ ಜನವರಿ 29. ಟಾಮ್ ಪ್ಯಾರಿಸ್ ಅನ್ನುವ ಪೈಲಟ್ ಯಾರೂ ಮುಟ್ಟದ ವೇಗ ಮುಟ್ಟುತ್ತಾನೆ, ಒಂದು ಕ್ಷಣ ಬ್ರಹ್ಮಾಂಡದ ಎಲ್ಲ ಕಡೆಯೂ ಇರುತ್ತಾನೆ. ವಾಪಸ್ ಬಂದ ಮೇಲೆ ಅವನ ಮೈ ಬದಲಾಗತೊಡಗುತ್ತದೆ. ಕಡೆಗೆ ಅವನೂ, ಅವನು ಹೊತ್ತೊಯ್ದ ಕ್ಯಾಪ್ಟನ್ ಜೇನ್‌ವೇಯೂ ಹಲ್ಲಿಯಂಥ ನೀರುಪ್ರಾಣಿಗಳಾಗಿ ಒಂದು ಕೆಸರಿನ ದಡದಲ್ಲಿ ಸಿಗುತ್ತಾರೆ, ಮರಿಗಳನ್ನೂ ಹಾಕಿರುತ್ತಾರೆ. ಇಬ್ಬರನ್ನೂ ತಂದು ಮತ್ತೆ ಮನುಷ್ಯರನ್ನಾಗಿ ಮಾಡಿ, ಮರಿಗಳನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಈ ಕಂತಿನ ಬಗ್ಗೆ ನಾವು ಮೂವರೂ ಒಂದೇ ಮಾತಿಗೆ ಬಂದದ್ದು ಆ ಮರಿಗಳ ವಿಷಯದಲ್ಲಿ ಮಾತ್ರ, ಅವನ್ನು ಹಾಗೆ ಬಿಟ್ಟುಹೋದದ್ದು ಯಾರಿಗೂ ಸರಿ ಕಾಣಲಿಲ್ಲ. ಚಿತ್ರಕಥೆ ಬರೆದ ಬ್ರಾನನ್ ಬ್ರಾಗಾ ಅವರೇ ಇದು ಕೆಟ್ಟ ಕಂತು ಅಂತ ಒಪ್ಪಿಕೊಂಡಿದ್ದಾರೆ. ವಿಕಾಸ ಅಂದರೆ ಯಾವಾಗಲೂ ಮೇಲಕ್ಕೇ ಹೋಗಬೇಕಿಲ್ಲ, ಮನುಷ್ಯ ಮುಂದೆ ಹೋಗಿ ಹೋಗಿ ಸರಳ ಪ್ರಾಣಿಯೂ ಆಗಬಹುದು ಅನ್ನುವುದು ಅವರು ಹೇಳಹೊರಟದ್ದು, ಅದು ತೆರೆಯ ಮೇಲೆ ಬರಲೇ ಇಲ್ಲ.

ಆದರೆ ಇದೇ ಕಂತಿಗೆ 1996ರಲ್ಲಿ ಮೇಕಪ್‌ಗಾಗಿ ಅಮೆರಿಕದ ಟಿವಿಯವರ ಎಮ್ಮಿ ಪ್ರಶಸ್ತಿ ಬಂತು. ಸುಮ್ನೆ ಬಂದದ್ದಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಪ್ಯಾರಿಸ್‌ನ ಕೂದಲು ಉದುರುತ್ತದೆ, ಚರ್ಮ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ, ನರ ಎದ್ದು ಕಾಣುತ್ತವೆ. ಪ್ಯಾರಿಸ್ ಪಾತ್ರದ ರಾಬರ್ಟ್ ಡಂಕನ್ ಮೆಕ್‌ನೀಲ್ ಅಷ್ಟು ರಬ್ಬರ್, ಅಂಟು, ಬಣ್ಣ ಹೊತ್ತುಕೊಂಡೂ ಕಣ್ಣಿನಲ್ಲೇ ಹೆದರಿಕೆ ತೋರಿಸುತ್ತಾರೆ. ಮೊದಲರ್ಧ ನೋಡಿ, ಅದು ನಿಜಕ್ಕೂ ಭಯ ಹುಟ್ಟಿಸುವ ಕಥೆ. ಎಲ್ಲರ ಮುಂದೆ ಗೆದ್ದವನ ಮೈಯೇ ಅವನ ಕೈ ತಪ್ಪಿ ಹೋಗುವ ಕಥೆ. ಬಿದ್ದದ್ದು ಕೊನೆಯ ಕಾಲು ಗಂಟೆಯಲ್ಲಿ. ಇದು ಓಡಿ ಬಿದ್ದದ್ದು ಅಲ್ವಾ?

‘ಶೇಡ್ಸ್ ಆಫ್ ಗ್ರೇ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೆಕ್ಸ್ಟ್ ಜನರೇಷನ್ ಹಡಗಿನ ಅಧಿಕಾರಿ ರೈಕರ್ ಮಂಚದ ಮೇಲೆ ಮಲಗಿದ್ದಾನೆ, ಹಳೇ ಕಂತುಗಳ ತುಣುಕು ಒಂದಾದ ಮೇಲೊಂದು ಬರುತ್ತವೆ. ನಮ್ಮ ಸಂಜೆಯ ಸೀರಿಯಲ್‌ಗಳಲ್ಲಿ ಅತ್ತೆ ಕಿಟಕಿ ಹತ್ತಿರ ನಿಂತು ಹಳೆಯದನ್ನೆಲ್ಲ ನೆನೆಸಿಕೊಳ್ಳುತ್ತಾರಲ್ಲ, ಹಾಗೆ. 1988ರಲ್ಲಿ ಬರಹಗಾರರ ಮುಷ್ಕರ ಐದು ತಿಂಗಳು ನಡೆದು ಆ ಧಾರಾವಾಹಿಯ ಎರಡನೇ ಸೀಸನ್ 26ರ ಬದಲು 22 ಕಂತಿಗೆ ಇಳಿಯಿತು, ದುಡ್ಡೂ ಮುಗಿದಿತ್ತು, ಮೂರು ದಿನದಲ್ಲಿ ಚಿತ್ರೀಕರಣ ಮುಗಿಸಿ ಒಂದು ಕಂತು ಲೆಕ್ಕಕ್ಕೆ ಸೇರಿಸಿದರು. 1989ರ ಜುಲೈನಲ್ಲಿ ಸೀಸನ್‌ನ ಕೊನೆಯ ಕಂತಾಗಿ ಬಂದದ್ದು ಇದೇ. ಇದನ್ನು ಬಿಟ್ಟರೆ ಏನೂ ನಷ್ಟ ಇಲ್ಲ. ಒಪ್ಪಿದೆ.

‘ಕೋಡ್ ಆಫ್ ಆನರ್’ ಮಾತ್ರ ನನ್ನ ಪ್ರಕಾರ ಇಡೀ ಸ್ಟಾರ್ ಟ್ರೆಕ್‌ನಲ್ಲೇ ಕೆಟ್ಟದ್ದು. 1987ರ ಅಕ್ಟೋಬರ್, ನೆಕ್ಸ್ಟ್ ಜನರೇಷನ್ ಆಗಷ್ಟೇ ಶುರುವಾಗಿತ್ತು. ಒಂದು ಲಸಿಕೆಗಾಗಿ ಹಡಗು ಒಂದು ಲೋಕಕ್ಕೆ ಹೋಗುತ್ತದೆ. ಅಲ್ಲಿಯ ನಾಯಕ ಟಾಶಾ ಯಾರ್ ಅನ್ನುವ ಭದ್ರತಾ ಅಧಿಕಾರಿಯನ್ನು ಹೊತ್ತೊಯ್ಯುತ್ತಾನೆ, ಆಮೇಲೆ ಅವನ ಹೆಂಡತಿಗೂ ಇವಳಿಗೂ ವಿಷದ ಮುಳ್ಳಿನ ಕೈಗವಸು ಹಾಕಿಸಿ ಕಾದಾಟ. ಆ ಲೋಕದ ಜನರೆಲ್ಲ ಕಪ್ಪು ನಟರು. ಆಫ್ರಿಕಾದವರು ಅಂದರೆ ಹೆಣ್ಣು ಹೊತ್ತೊಯ್ಯುವವರು ಅನ್ನುವ ನೂರು ವರ್ಷದ ಹಳೇ ಕೊಳಕನ್ನು ತಂದು ಇಪ್ಪತ್ತನಾಲ್ಕನೇ ಶತಮಾನದ ಬಟ್ಟೆ ತೊಡಿಸಿದ್ದಾರೆ. ಚಿತ್ರೀಕರಣದ ನಡುವೆಯೇ ನಿರ್ದೇಶಕರನ್ನು ತೆಗೆದು ಬೇರೆಯವರಿಂದ ಮುಗಿಸಿದರು. ರೈಕರ್ ಪಾತ್ರದ ಜೊನಾಥನ್ ಫ್ರೇಕ್ಸ್ ಇದು ಜನಾಂಗ ನಿಂದನೆ ಅಂತ ಮುಲಾಜಿಲ್ಲದೆ ಹೇಳಿದ್ದಾರೆ. ಇದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಕ್ಯಾಥರಿನ್ ಪವರ್ಸ್ ಹತ್ತು ವರ್ಷ ಬಿಟ್ಟು, 1997ರಲ್ಲಿ, ‘ಸ್ಟಾರ್‌ಗೇಟ್ ಎಸ್‌ಜಿ-1’ ಅನ್ನುವ ಬೇರೆ ಧಾರಾವಾಹಿಗೆ ‘ಎಮಾನ್ಸಿಪೇಷನ್’ ಅನ್ನುವ ಕಂತು ಬರೆದರು. ಅಲ್ಲೂ ತಂಡದ ಹೆಣ್ಣನ್ನು ಹೊತ್ತೊಯ್ಯುತ್ತಾರೆ, ಅಲ್ಲೂ ಕೊನೆಗೆ ಕಾದಾಟ. ಆ ಧಾರಾವಾಹಿಯ ಅಭಿಮಾನಿಗಳ ಕೆಟ್ಟ ಪಟ್ಟಿಯಲ್ಲೂ ಅದು ಮೇಲೇ ಇರುತ್ತದೆ.

‘ಲಾಸ್ಟ್ ಬ್ಯಾಟಲ್‌ಫೀಲ್ಡ್’ ಮತ್ತು ‘ಕೋಡ್ ಆಫ್ ಆನರ್’ ಒಂದೇ ಬಾಕ್ಸ್‌ನಲ್ಲಿ ಒಂದರ ಕೆಳಗೊಂದು ಇದ್ದದ್ದು ನನಗೆ ಸಹಿಸಲು ಆಗಲಿಲ್ಲ. ಒಂದು ಬಣ್ಣದ ದ್ವೇಷವನ್ನು ಬಯಲಿಗೆಳೆಯಲು ಹೋಗಿ ದನಿ ಜಾಸ್ತಿ ಮಾಡಿತು. ಇನ್ನೊಂದು ಅದೇ ದ್ವೇಷವನ್ನು ಮನರಂಜನೆ ಮಾಡಿತು. ಎರಡನ್ನೂ ‘ಚೆನ್ನಾಗಿಲ್ಲ’ ಅನ್ನುವ ಒಂದೇ ಪದದಲ್ಲಿ ಮುಗಿಸಿದರೆ ಆ ಪದಕ್ಕೆ ಬೆಲೆ ಏನು?

ಹಾಗಂತ ‘ಕೋಡ್ ಆಫ್ ಆನರ್’ ಕೂಡ ಬಿಡಿ ಅಂತ ನಾನು ಹೇಳುವುದಿಲ್ಲ. ಅದನ್ನು ನೋಡಬೇಕು, ಅದರಲ್ಲೂ ಸ್ಟಾರ್ ಟ್ರೆಕ್ ಅಂದರೆ ಬರೀ ಸಮಾನತೆ, ಸೌಹಾರ್ದ ಅಂತ ಎದೆ ತಟ್ಟಿಕೊಳ್ಳುವ ನನ್ನಂಥವರು ನೋಡಬೇಕು. ಅದಕ್ಕೆ ಹದಿನೆಂಟು ವರ್ಷ ಮೊದಲು ‘ಲಾಸ್ಟ್ ಬ್ಯಾಟಲ್‌ಫೀಲ್ಡ್’ ಮಾಡಿದ ಮನೆಯಿಂದಲೇ ಇದೂ ಬಂತು.

ಇನ್ನು ‘ಸಬ್ ರೋಸಾ’. ನೆಕ್ಸ್ಟ್ ಜನರೇಷನ್‌ನದ್ದೇ, 1994ರ ಜನವರಿ. ಡಾಕ್ಟರ್ ಬೆವರ್ಲಿ ಕ್ರಷರ್ ಅಜ್ಜಿಯ ಮಣ್ಣಿಗೆ ಹೋಗುತ್ತಾಳೆ. ಅಜ್ಜಿಯ ಮನೆಯಲ್ಲಿ ಒಂದು ಮೇಣದ ಬತ್ತಿ, ಆ ಬತ್ತಿಯ ಜೊತೆ ಒಂದು ದೆವ್ವ, ಆ ದೆವ್ವದ ಜೊತೆ ಅವಳಿಗೆ ಪ್ರೀತಿ. ನನಗೆ ಇದು ಇಷ್ಟವಿಲ್ಲ. ಇಷ್ಟ ಇಲ್ಲ ಅಂತ ಅಕ್ಕನ ಮುಂದೆ ಹೇಳಿ ಪೂರ್ತಿ ಅರ್ಧ ಗಂಟೆ ಬೈಸಿಕೊಂಡೆ. ಅವಳ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಯಾಕೆಂದರೆ ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

“ಕರ್ಕ್ ಎಷ್ಟು ಲೋಕದಲ್ಲಿ ಎಷ್ಟು ಹೆಂಗಸರ ಹಿಂದೆ ಹೋದ? ರೈಕರ್? ಅದನ್ನೆಲ್ಲ ನೀವು ಯಾರಾದರೂ ಕೆಟ್ಟ ಕಂತು ಅಂದ್ರಾ? ವರ್ಷಗಟ್ಟಲೆ ಆ ಹೆಂಗಸು ಎಲ್ಲರ ಗಾಯಕ್ಕೆ ಮದ್ದು ಹಚ್ಚಿದಳು. ಗಂಡ ಸತ್ತಿದ್ದಾನೆ, ಮಗ ಹೊರಟುಹೋಗಿದ್ದಾನೆ, ಈಗ ಸಾಕಿದ ಅಜ್ಜಿಯೂ ಇಲ್ಲ. ಅವಳಿಗೆ ಒಂದು ಸಲ ಆಸೆ ಆಯ್ತು. ಅದೊಂದು ಕಂತನ್ನ ಕಂಡು ನೀವೆಲ್ಲ ಗಂಡಸರು ನಗ್ತೀರಲ್ಲೋ. ಕೊನೆಗೆ ಅದು ತನ್ನನ್ನ ತಿಂತಿದೆ ಅಂತ ಗೊತ್ತಾದ ತಕ್ಷಣ ಅವಳೇ ಅದನ್ನ ಸುಟ್ಟಳು. ಯಾವ ಕ್ಯಾಪ್ಟನ್ನೂ ಬಂದು ಬಿಡಿಸಲಿಲ್ಲ. ಅದನ್ನ ನೋಡಿದ್ಯಾ ನೀನು?”

ನೋಡಿದ್ದೆ, ಆದರೆ ಹಾಗೆ ನೋಡಿರಲಿಲ್ಲ. ಅವತ್ತು ರಾತ್ರಿ ಅವರಿಬ್ಬರೂ ಹೋದ ಮೇಲೆ ಇನ್ನೊಂದು ಸಲ ಹಾಕಿ ನೋಡಿದೆ. ಕೆಲವು ದೃಶ್ಯಗಳಲ್ಲಿ ಕಣ್ಣಿಗೆ ಕಾಣದವನ ಜೊತೆ ಕ್ರಷರ್ ಪಾತ್ರದ ಗೇಟ್ಸ್ ಮೆಕ್‌ಫ್ಯಾಡನ್ ಬರೀ ಖಾಲಿ ಕೋಣೆಯಲ್ಲಿ, ಖಾಲಿ ಗಾಳಿಗೆ ಮುಖ ಕೊಟ್ಟು ನಟಿಸಿದ್ದಾರೆ. ಕಂತು ನನಗೆ ಈಗಲೂ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಕೊನೆಯ ದೃಶ್ಯದಲ್ಲಿ ಅವಳು ಕುಳಿತು, ಆ ದೆವ್ವ ಅಜ್ಜಿಯನ್ನು ಬದುಕಿದ್ದಷ್ಟು ಕಾಲ ಖುಷಿಯಾಗಿ ಇಟ್ಟಿತ್ತು ಅಂತ ಹೇಳುತ್ತಾಳೆ. ಸಿಟ್ಟು ಇಲ್ಲದೆ ಹೇಳುತ್ತಾಳೆ. ಅಕ್ಕನೂ ಭಾವ ಹೋದ ಮೇಲೆ ಎಂಟು ವರ್ಷದಿಂದ ಒಬ್ಬಳೇ ಇದ್ದಾಳೆ. ಈ ಕಂತು ಅವಳಿಗೆ ಯಾಕೆ ಅಷ್ಟು ಇಷ್ಟ ಅಂತ ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ.

ಹುಡುಗನ ಮಾತನ್ನೂ ತಳ್ಳಿಹಾಕುವುದಿಲ್ಲ. 429 ಕಂತು ಸಣ್ಣ ಸಂಖ್ಯೆ ಅಲ್ಲ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುವುದು ನ್ಯಾಯವೇ. ಅವರಿಗೆ ಮೊದಲು ಯಾವುದು ನೋಡಿ ಅಂತ ಹೇಳಿ, ಖಂಡಿತ ಹೇಳಿ. ‘ದ ಡೆವಿಲ್ ಇನ್ ದ ಡಾರ್ಕ್’ನಿಂದ ಶುರು ಮಾಡಿ ಅಂತ ನಾನೇ ಹೇಳುತ್ತೇನೆ. ‘ಬಿಟ್ಟುಬಿಡಿ’ ಅಂತ ಮಾತ್ರ ಬೇಡ. ಆ ಪದ ಕೇಳಿದವನು ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ, ನಾನು ಕಂಡಿದ್ದೇನೆ. ನಮ್ಮ ಹುಡುಗನೇ ‘ಥ್ರೆಶೋಲ್ಡ್’ ಪೂರ್ತಿ ನೋಡಿರಲಿಲ್ಲ ಅನ್ನುವುದು ಜಗಳದ ನಡುವೆ ಹೊರಬಿತ್ತು. ಯಾರೋ ಕೆಟ್ಟದ್ದು ಅಂದಿದ್ದರಂತೆ, ಇವನೂ ಎರಡು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದಾನೆ. ಊಟ ಆದ ಮೇಲೆ ಮೂವರೂ ಕೂತು ನೋಡಿದೆವು. ಆಸ್ಪತ್ರೆ ದೃಶ್ಯ ಬಂದಾಗ ಅವನು ಫೋನ್ ಕೆಳಗಿಟ್ಟ. ಕೊನೆಗೆ, “ಕೆಟ್ಟದೇ ಮಾಮ, ಆದರೆ ನಾನು ಅಂದುಕೊಂಡ ಥರ ಕೆಟ್ಟದಲ್ಲ,” ಅಂದ. ಅವನು ನೋಡಿ ಆಡಿದ ಮಾತು ಅದು. ನನಗೆ ಅಷ್ಟು ಸಾಕಾಯಿತು.

ಸಂಪಾದಕರೇ, ನನ್ನ ಕೋರಿಕೆ ಎರಡು. ಲೀ ಕ್ರೋನಿನ್ ಅಂದರೆ ಜೀನ್ ಕೂನ್ ಅನ್ನುವುದನ್ನು ಮುಂದಿನ ಪುರವಣಿಯಲ್ಲಿ ಒಂದು ಸಾಲಿನಲ್ಲಾದರೂ ಹಾಕಿ. ಅವರು 1973ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಒಳ್ಳೆಯ ಕಂತುಗಳಿಗೆ ಹೊಗಳಿಕೆ ಬೇರೆಯವರಿಗೆ ಹೋಗಿ, ಗುಪ್ತನಾಮದಲ್ಲಿ ಬರೆದದ್ದಕ್ಕೆ ಬೈಗುಳ ಮಾತ್ರ ಉಳಿಯುವುದು ಬೇಡ.

ಎರಡನೆಯದು, ‘ಸಬ್ ರೋಸಾ’ ಬಗ್ಗೆ ಅಕ್ಕ ತಾನೇ ಬರೆಯುತ್ತಿದ್ದಾಳೆ. ನಾನು ಅವಳ ಮಾತನ್ನು ಸರಿಯಾಗಿ ಬರೆದಿರುವುದಿಲ್ಲ ಅಂತ ಅವಳಿಗೆ ಈಗಲೇ ಅನುಮಾನ. ನಾಲ್ಕು ಪುಟ ಆಗಿದೆಯಂತೆ. ಬುಧವಾರದ ಅಂಚೆಗೆ ಹಾಕುತ್ತಾಳೆ, ಜಾಗ ಇಟ್ಟಿರಿ.

ಇಂತಿ ನಿಮ್ಮ ಓದುಗ,
ಹನುಮಂತನಗರ, ಬೆಂಗಳೂರು